ಎಳೆ ನೆಡುತೋಪುಗಳ ಡ್ರೋನ್ ಸಮೀಕ್ಷೆ

ಹೊಸದಾಗಿ ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ, ಎಷ್ಟು ಒಣಗಿವೆ, ಒಣಗಿದ್ದು ಯಾವ ಗುಂಡಿಗಳಲ್ಲಿ ಎಂಬುದನ್ನು ಕಡಿಮೆ ಎತ್ತರದಲ್ಲಿ ಹಾರುವ ಡ್ರೋನ್ ತೆಗೆದ ಚಿತ್ರಗಳಿಂದ ಕಂಡುಕೊಳ್ಳುವ ವಿಧಾನವಿದು. ಅರಣ್ಯ ಇಲಾಖೆಯ ನೆಡುತೋಪು, ಹೆದ್ದಾರಿ ಬದಿಯ ಸಾಲುಮರ, ಗಣಿಯ ತ್ಯಾಜ್ಯಮಣ್ಣಿನ ದಿಬ್ಬ, ಉಷ್ಣ ವಿದ್ಯುತ್ ಸ್ಥಾವರದ ಹಸಿರು ಪಟ್ಟಿ, ಬೂದಿ ಹೊಂಡದ ಅಂಚು ಮುಂತಾದ ಕಡೆ ಇದು ಉಪಯೋಗಕ್ಕೆ ಬರುತ್ತದೆ. ನೆಟ್ಟ ದಿನದಿಂದ ಮೊದಲ ಮೂರು ಬೇಸಿಗೆಗಳ ವರೆಗಿನ ಅವಧಿಗೆ ಇದು ಹೆಚ್ಚು ಹೊಂದುತ್ತದೆ. ಬೀಜದುಂಡೆಗಳನ್ನು ಮೇಲಿನಿಂದ ಉದುರಿಸುವ ಡ್ರೋನ್ ಕೆಲಸ ಇದಕ್ಕಿಂತ ಬೇರೆ. ಎರಡನ್ನೂ ಒಂದೇ ಎಂದು ತಿಳಿಯುವವರು ಹೆಚ್ಚು.

ಈ ಲೇಖನವು ನಾಗಪುರ ಜಿಲ್ಲೆಯ ಕೋರಾಡಿಯ ನೆಲವನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ. ಸಸಿ ಬದುಕುವುದಕ್ಕೆ ಇರುವ ಕಷ್ಟ, ಬದುಕಿದ್ದನ್ನು ಮೇಲಿನಿಂದ ಗುರುತಿಸುವುದಕ್ಕೆ ಇರುವ ಕಷ್ಟ ಎರಡೂ ಅಲ್ಲಿ ಒಟ್ಟಿಗೇ ಎದುರಾಗುತ್ತವೆ.

ನೆಟ್ಟ ಲೆಕ್ಕ, ಉಳಿದ ಲೆಕ್ಕ

ಕೆ. ಎಂ. ಮುನ್ಷಿ ಕೇಂದ್ರದ ಕೃಷಿ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವ ಆರಂಭವಾಯಿತು. ಅಂದಿನಿಂದ ಇಂದಿನ ತನಕ ಸರ್ಕಾರಿ ವರದಿಗಳಲ್ಲಿ ಮುಂದೆ ನಿಲ್ಲುವ ಅಂಕಿ ನೆಟ್ಟ ಸಸಿಗಳದು. ಮಹಾರಾಷ್ಟ್ರ 2016ರ ಜುಲೈ 1ರಂದು ಎರಡು ಕೋಟಿ ಸಸಿಗಳ ಗುರಿಯೊಂದಿಗೆ ಆರಂಭಿಸಿದ ಅಭಿಯಾನ 2017ರಲ್ಲಿ ನಾಲ್ಕು ಕೋಟಿಗೆ, 2018ರಲ್ಲಿ ಹದಿಮೂರು ಕೋಟಿಗೆ, 2019ರಲ್ಲಿ ಮೂವತ್ತಮೂರು ಕೋಟಿಗೆ ಏರಿತು. ಅವುಗಳಲ್ಲಿ ಎಷ್ಟು ಉಳಿದವು ಎಂಬ ಪ್ರಶ್ನೆ ವಿಧಾನಸಭೆಗೂ ಬಂದು, 2021ರಲ್ಲಿ ಶಾಸಕರ ಸಮಿತಿಯಿಂದ ವಿಚಾರಣೆ ಮಾಡಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಟರ್ಕಿ 2019ರ ನವೆಂಬರ್ 11ರಂದು ಒಂದೇ ದಿನ 1.1 ಕೋಟಿ ಸಸಿ ನೆಟ್ಟಿತು. ಎರಡು ಮೂರು ತಿಂಗಳಲ್ಲಿಯೇ, ತಾವು ನೋಡಿದ ಕಡೆಗಳಲ್ಲಿ ಹೆಚ್ಚಿನವು ಸತ್ತಿವೆ ಎಂದು ಅಲ್ಲಿನ ಅರಣ್ಯ ಕಾರ್ಮಿಕರ ಸಂಘ ಹೇಳಿತು. ಸಚಿವಾಲಯ ಅದನ್ನು ಅಲ್ಲಗಳೆಯಿತು. ಎರಡೂ ಕಡೆಯವರು ಒಪ್ಪುವಂಥ ಎಣಿಕೆ ಇಲ್ಲದಿದ್ದರೆ ಇಂಥ ವಾದ ಕೊನೆಗಾಣುವುದಿಲ್ಲ.

ಉಷ್ಣವಲಯದ ಮತ್ತು ಉಪೋಷ್ಣವಲಯದ ಏಷ್ಯಾದಲ್ಲಿ 176 ಪುನಶ್ಚೇತನ ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿ 2022ರಲ್ಲಿ ಹೊರಬಂದ ಒಂದು ಅಧ್ಯಯನದ ಪ್ರಕಾರ ಸರಾಸರಿ ನೂರಕ್ಕೆ 18 ಸಸಿಗಳು ಮೊದಲ ವರ್ಷದಲ್ಲಿ ಸಾಯುತ್ತವೆ. ಐದು ವರ್ಷ ಆಗುವಷ್ಟರಲ್ಲಿ ಸತ್ತವು ನೂರಕ್ಕೆ 44 ಆಗಿರುತ್ತವೆ. ಸರಾಸರಿಯ ಹಿಂದೆ ಒಂದು ತಾಣಕ್ಕೂ ಇನ್ನೊಂದಕ್ಕೂ ಭಾರಿ ಅಂತರವಿದೆ. ಮೊದಲ ವರ್ಷದ ಕೊನೆಯಲ್ಲಿ ಒಮ್ಮೆ ಎಣಿಸಿ ಕಡತ ಮುಚ್ಚಿದರೆ ಮುಂದಿನ ಸಾವುಗಳಲ್ಲಿ ಒಂದೂ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ಈ ಅಂಕಿಗಳಿಂದ ಸ್ಪಷ್ಟ.

ಹಣವನ್ನೂ ಹೊಣೆಯನ್ನೂ ಉಳಿದ ಸಸಿಗೆ ಕಟ್ಟಿದ ನಿಯಮಗಳು ಭಾರತದಲ್ಲಿ ಇಲ್ಲದೆ ಇಲ್ಲ. ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011–12ರಲ್ಲಿ ಆರಂಭವಾಯಿತು. ರೈತ ತನ್ನ ಜಮೀನಿನಲ್ಲಿ ನೆಟ್ಟ ಸಸಿಗಳಲ್ಲಿ ಮೊದಲ, ಎರಡನೆಯ ಮತ್ತು ಮೂರನೆಯ ವರ್ಷದ ಕೊನೆಗೆ ಜೀವಂತವಾಗಿರುವಷ್ಟಕ್ಕೆ ಮಾತ್ರ ಪ್ರೋತ್ಸಾಹಧನ ಸಿಗುತ್ತದೆ. ಪರಿಷ್ಕೃತ ದರದಲ್ಲಿ ಮೂರು ವರ್ಷಕ್ಕೆ ಸಸಿಯೊಂದಕ್ಕೆ ಒಟ್ಟು 125 ರೂಪಾಯಿ. ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯ್ದೆ ಊರಲ್ಲಿ ನೆಟ್ಟ ಸಸಿಗಳಲ್ಲಿ ಶೇ. 85 ಉಳಿಯಬೇಕೆಂದು ಸರಪಂಚರ ಮೇಲೂ ಕಾರ್ಯದರ್ಶಿಗಳ ಮೇಲೂ ಹೊಣೆ ಹೊರಿಸಿತು. ಕೇಂದ್ರ ಪರಿಸರ ಸಚಿವಾಲಯ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಕೊಡುವ ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಸ್ಥಾವರದ ಸುತ್ತ ನಾಡಿನ ಜಾತಿಯ ಮರಗಳ ಮೂರು ಸ್ತರದ ಹಸಿರು ಪಟ್ಟಿ ಬೆಳೆಸಬೇಕು, ಹೆಕ್ಟೇರಿಗೆ 2,500 ಮರಗಳಿಗಿಂತ ಕಡಿಮೆ ಇರಬಾರದು, ಉಳಿವು ಶೇ. 80ಕ್ಕಿಂತ ಕೆಳಗಿಳಿಯಬಾರದು. ಈ ಶೇ. 80 ಎಂಬುದನ್ನು ಯಾರು, ಯಾವಾಗ, ಹೇಗೆ ಎಣಿಸಿದರು ಎಂಬಲ್ಲಿ ಡ್ರೋನ್‌ನ ಕೆಲಸ ಆರಂಭವಾಗುತ್ತದೆ.

ಕೋರಾಡಿಯ ನೆಲ

ಕೋರಾಡಿ ನಾಗಪುರ ನಗರದಿಂದ ಉತ್ತರಕ್ಕೆ, ಸಾವನೇರ್ ಕಡೆಗೆ ಹೋಗುವ ರಸ್ತೆಯಲ್ಲಿದೆ. ಮಹಾಲಕ್ಷ್ಮಿ ಜಗದಂಬಾ ದೇವಸ್ಥಾನದಿಂದಾಗಿ ಯಾತ್ರಿಕರಿಗೆ ಪರಿಚಿತ ಊರು. ಊರಿನ ಇನ್ನೊಂದು ಗುರುತು ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ಉತ್ಪಾದನಾ ಕಂಪನಿ ಮಹಾನಿರ್ಮಿತಿಯ ಉಷ್ಣ ವಿದ್ಯುತ್ ಸ್ಥಾವರ. ಮೊದಲ ಘಟಕ 1974ರಲ್ಲಿ ಕೆಲಸ ಆರಂಭಿಸಿತು. ತಲಾ 660 ಮೆಗಾವಾಟ್‌ನ ಮೂರು ಹೊಸ ಘಟಕಗಳು 2015ರಿಂದ 2017ರ ಒಳಗೆ ಸೇರಿಕೊಂಡವು. ಅದೇ ಸಾಮರ್ಥ್ಯದ ಇನ್ನೆರಡು ಘಟಕಗಳ ಪ್ರಸ್ತಾವದ ಮೇಲೆ 2023ರ ಮೇ ತಿಂಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಹತ್ತಿರದಲ್ಲಿಯೇ 1,340 ಮೆಗಾವಾಟ್‌ನ ಖಾಪರ್‌ಖೇಡಾ ಸ್ಥಾವರವಿದೆ. ಇಷ್ಟು ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಬೂದಿಗೆ ಜಾಗ ಬೇಕು. 2022ರ ಜುಲೈ ಮಳೆಯಲ್ಲಿ ಇಲ್ಲಿನ ಖಸಾಳಾ ಬೂದಿ ಹೊಂಡದ ಏರಿ ಒಡೆದು ಬೂದಿನೀರು ಹೊಲಗಳಿಗೂ ಹಳ್ಳಕ್ಕೂ ನುಗ್ಗಿತು. ಸ್ಥಾವರಗಳ ಸುತ್ತಲಿನ ಊರುಗಳ ಜನರಿಗೆ ಹಸಿರು ಪಟ್ಟಿ ಎಂದರೆ ಅಲಂಕಾರದ ಮಾತಾಗಿ ಉಳಿದಿಲ್ಲ. ಬೇಸಿಗೆ ಗಾಳಿಯಲ್ಲಿ ಮನೆಯೊಳಗೆ ಬರುವ ಬೂದಿಯನ್ನು ತಡೆಯಲು ಮರ ಬೇಕು, ಆ ಮರ ಉಳಿದಿರಬೇಕು.

ಇಲ್ಲಿ ಎರಡು ಬಗೆಯ ನೆಲ. ಒಂದು ವಿದರ್ಭದ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ, ನೀರು ಹಿಡಿದು, ಎಳೆಬೇರನ್ನು ಉಸಿರುಕಟ್ಟಿಸುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಿರುಕು ಬಿಟ್ಟು ಅದೇ ಬೇರನ್ನು ಗಾಳಿಗೆ ಒಡ್ಡುತ್ತದೆ. ನಾಗಪುರದಲ್ಲಿ ಆ ಹೊತ್ತಿಗೆ ತಾಪ 45 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಇನ್ನೊಂದು ಹಾರುಬೂದಿಯ ನೆಲ. ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಸಾವಯವ ಅಂಶವೂ ಕಡಿಮೆ. ಮೇಲ್ಪದರ ಒಣಗಿದರೆ ಪುಡಿಯಾಗಿ ಹಾರುತ್ತದೆ, ನೆನೆದು ಒಣಗಿದರೆ ಗಟ್ಟಿ ಹಪ್ಪಳದಂತೆ ಕೂರುತ್ತದೆ. ಗುಂಡಿಗೆ ಹೊರಗಿನ ಮಣ್ಣು, ಗೊಬ್ಬರ, ಬೇರಿಗೆ ಜೊತೆಯಾಗುವ ಶಿಲೀಂಧ್ರ ಕೊಡದೆ ಅಲ್ಲಿ ಸಸಿ ನಿಲ್ಲಿಸುವುದು ಕಷ್ಟ. ನಾಗಪುರದಲ್ಲಿಯೇ ಇರುವ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, ಗಣಿ ದಿಬ್ಬಗಳಲ್ಲಿಯೂ ಬೂದಿ ಗುಡ್ಡೆಗಳಲ್ಲಿಯೂ ಹೀಗೆ ಸೂಕ್ಷ್ಮಜೀವಿಗಳ ನೆರವಿನಿಂದ ಮರ, ಬಿದಿರು ಬೆಳೆಸುವ ಕೆಲಸ ಮಾಡಿಕೊಂಡು ಬಂದಿದೆ. ಕೇಂದ್ರದ 2021ರ ಡಿಸೆಂಬರ್ 31ರ ಹಾರುಬೂದಿ ಅಧಿಸೂಚನೆ ಹಳೆಯ ಬೂದಿ ಹೊಂಡಗಳನ್ನು ಗಿಡಮರ ಬೆಳೆಸಿ ಭದ್ರಪಡಿಸುವ ದಾರಿಯನ್ನೂ ತೋರಿಸಿತು. ಅದರಿಂದ ಇಂಥ ನೆಲದಲ್ಲಿ ನೆಡುವ ಕೆಲಸ ಹೆಚ್ಚುತ್ತ ಹೋಗುತ್ತದೆ.

ಕಾಲ್ನಡಿಗೆ ಮತ್ತು ಉಪಗ್ರಹಗಳ ನಡುವೆ

ನೆಡುತೋಪಿನ ಎಣಿಕೆ ಹಿಂದಿನಿಂದಲೂ ಕಾಲ್ನಡಿಗೆಯದು. ಸಾಲುಗಳಲ್ಲಿ ಕೆಲವನ್ನು ಆರಿಸಿ, ಗಾರ್ಡ್ ಮತ್ತು ವಾಚರ್ ನಡೆಯುತ್ತ ಹೋಗಿ, ಬದುಕಿದ್ದು–ಸತ್ತದ್ದು ಬರೆದು, ನೆಡುತೋಪಿನ ಜರ್ನಲ್‌ಗೆ ಶೇಕಡಾವಾರು ಹಾಕುತ್ತಾರೆ. ಮರದ ಜಾತಿ, ಎಲೆಯ ರೋಗ, ಗೆದ್ದಲು, ಮೇಕೆ ಕಡಿದ ಗುರುತು ಎಲ್ಲವೂ ಕಣ್ಣೆದುರಿಗೇ ಇರುವುದು ಈ ವಿಧಾನದ ಬಲ. ಯಾವ ಸಾಲು ಆರಿಸಬೇಕು ಎಂಬುದು ಎಣಿಸುವವರ ಕೈಯಲ್ಲಿಯೇ ಇರುವುದು, ರಸ್ತೆಗೆ ಹತ್ತಿರದ, ನೀರು ಕಂಡ ಸಾಲು ಹೆಚ್ಚಾಗಿ ಲೆಕ್ಕಕ್ಕೆ ಬರುವುದು ಅದರ ದೌರ್ಬಲ್ಯ. ಎಣಿಸುವವರೂ ನೆಡಿಸಿದವರೂ ಒಬ್ಬರೇ ಆದಾಗ ಈ ದೌರ್ಬಲ್ಯ ಇನ್ನೂ ಹೆಚ್ಚುತ್ತದೆ.

ಉಪಗ್ರಹ ಈ ಕೆಲಸಕ್ಕೆ ಒದಗುವುದಿಲ್ಲ. ಯುರೋಪಿನ ಸೆಂಟಿನೆಲ್–2 ಚಿತ್ರದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಕ್ಟೇರಿಗೆ 2,500ರಂತೆ, ಎಂದರೆ ಎರಡು ಮೀಟರ್ ಅಂತರದಲ್ಲಿ ನೆಟ್ಟರೆ, ಆ ಒಂದು ಚುಕ್ಕಿಯೊಳಗೆ 25 ಸಸಿಗಳು. ಇಸ್ರೊದ ಲಿಸ್–4 ಕ್ಯಾಮೆರಾದ 5.8 ಮೀಟರ್ ಚುಕ್ಕಿಯಲ್ಲಿಯೂ ಎಂಟು. ಮೊಣಕಾಲೆತ್ತರದ ಸಸಿಗಳ ನಡುವೆ ಎದ್ದ ಹುಲ್ಲೇ ಆ ಚುಕ್ಕಿಯ ಹಸಿರನ್ನು ತೀರ್ಮಾನಿಸುತ್ತದೆ. ಸಸಿಗಳೆಲ್ಲ ಸತ್ತ ತೋಪು ಒಳ್ಳೆಯ ಮಳೆಯ ವರ್ಷದಲ್ಲಿ ಉಪಗ್ರಹಕ್ಕೆ ಹಚ್ಚ ಹಸಿರಾಗಿಯೇ ಕಾಣಬಹುದು.

ಹಾರಾಟದ ಲೆಕ್ಕ

ಡ್ರೋನ್ ಚಿತ್ರದಲ್ಲಿ ಒಂದು ಚುಕ್ಕಿ ನೆಲದ ಮೇಲೆ ಎಷ್ಟು ದೊಡ್ಡದು ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಕ್ಯಾಮೆರಾದ ಸಂವೇದಕದ ಒಂದು ಚುಕ್ಕಿಯ ಅಗಲ, ಮಸೂರದ ನಾಭಿದೂರ, ಹಾರಾಟದ ಎತ್ತರ. ಸಮೀಕ್ಷೆಗೆ ಬಹಳವಾಗಿ ಬಳಕೆಯಲ್ಲಿರುವ, ಒಂದಿಂಚು ಸಂವೇದಕದ 20 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದುಕೊಳ್ಳೋಣ. ಚುಕ್ಕಿಯ ಅಗಲ 2.4 ಮೈಕ್ರಾನ್, ನಾಭಿದೂರ 8.8 ಮಿಲಿಮೀಟರ್. 60 ಮೀಟರ್ ಎತ್ತರದಲ್ಲಿ ನೆಲದ ಚುಕ್ಕಿ ಸುಮಾರು 1.6 ಸೆಂಟಿಮೀಟರ್, 120 ಮೀಟರ್‌ನಲ್ಲಿ 3.3 ಸೆಂಟಿಮೀಟರ್, 30 ಮೀಟರ್‌ಗೆ ಇಳಿದರೆ 0.8. ಎಲೆಗಳ ಹರವು 30 ಸೆಂಟಿಮೀಟರ್ ಇರುವ ಹೊಂಗೆ ಸಸಿ 60 ಮೀಟರ್‌ನಿಂದ ಅಡ್ಡಕ್ಕೆ ಹದಿನೆಂಟು ಚುಕ್ಕಿಗಳಷ್ಟು ಕಾಣುತ್ತದೆ, ಅಷ್ಟಿದ್ದರೆ ಗುರುತಿಸಬಹುದು. ಎರಡೇ ಎಲೆ ಹೊತ್ತು 10 ಸೆಂಟಿಮೀಟರ್ ಹರಡಿದ ಸಸಿಗೆ ಆರು ಚುಕ್ಕಿ ಸಿಗುತ್ತದೆ. 120 ಮೀಟರ್‌ನಲ್ಲಿ ಅದೂ ಮೂರಕ್ಕಿಳಿದು ಕಸದೊಡನೆ ಕರಗಿಹೋಗುತ್ತದೆ. ಎತ್ತರ ಹೆಚ್ಚಿದರೆ ಬೇಗ ಮುಗಿಯುತ್ತದೆ ಎಂಬ ಆಸೆಗೆ ಬಿದ್ದು ಹಾಳಾದ ಸಮೀಕ್ಷೆಯನ್ನು ಆಮೇಲೆ ಯಾವ ತಂತ್ರಾಂಶವೂ ಸರಿಪಡಿಸಲಾರದು.

ಡ್ರೋನ್ ಹೊಲ ಉಳುವಂತೆ ಸಾಲು ಹಿಡಿದು ಹೋಗಿ ಬಂದು ಮಾಡುತ್ತದೆ. ಮುಂದಿನ ಚಿತ್ರ ಹಿಂದಿನದರ ಮೇಲೆ ಶೇ. 80ರಷ್ಟು, ಪಕ್ಕದ ಸಾಲಿನ ಚಿತ್ರ ಶೇ. 70ರಷ್ಟು ಹಾಸಿಕೊಂಡಿರಬೇಕು. ಒಂದೇ ಬಿಂದು ಹಲವು ಕೋನಗಳಿಂದ ಕಂಡಾಗ ಮಾತ್ರ ತಂತ್ರಾಂಶ ಚಿತ್ರಗಳನ್ನು ಹೊಲಿದು ನಕ್ಷೆಯ ಅಳತೆಗೆ ಸರಿಹೊಂದುವ ಒಂದೇ ದೊಡ್ಡ ಚಿತ್ರ ಮಾಡಬಲ್ಲದು, ನೆಲದ ಏರಿಳಿತವನ್ನೂ ಅಳೆದುಕೊಡಬಲ್ಲದು. 60 ಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ, ಈ ಲೆಕ್ಕಕ್ಕೆ ನಿಮಿಷಕ್ಕೆ ಸುಮಾರು ಒಂದು ಹೆಕ್ಟೇರ್ ಆಗುತ್ತದೆ. ಒಂದು ಬ್ಯಾಟರಿಯಲ್ಲಿ ಇಪ್ಪತ್ತು ನಿಮಿಷದ ಕೆಲಸ ಸಿಕ್ಕರೆ ಇಪ್ಪತ್ತು ಹೆಕ್ಟೇರ್, ಎಂದರೆ ಎರಡು ಮೀಟರ್ ಅಂತರದ ತೋಪಿನಲ್ಲಿ ಐವತ್ತು ಸಾವಿರ ಗುಂಡಿ.

ಕೋರಾಡಿಯಲ್ಲಿ ಇದಕ್ಕೆ ಬೇರೆ ಅಡ್ಡಿಗಳಿವೆ. ಚಿಮಣಿಗಳು, ಬೂದಿ ಸಾಗಿಸುವ ಕೊಳವೆಗಳ ಆಧಾರಕಂಬಗಳು, ಎಲ್ಲ ದಿಕ್ಕಿಗೂ ಹೊರಡುವ ಹೈಟೆನ್ಷನ್ ತಂತಿಗಳು ಹಾರಾಟದ ದಾರಿಗೆ ಅಡ್ಡ ಬರುತ್ತವೆ. ತಂತಿಗಳ ಹತ್ತಿರ ಡ್ರೋನ್‌ನ ದಿಕ್ಸೂಚಿಯೂ ಗಲಿಬಿಲಿಗೊಳ್ಳುತ್ತದೆ. ಸಣ್ಣ ಡ್ರೋನ್‌ಗಳಲ್ಲಿ ಹಲವನ್ನು 40 ಡಿಗ್ರಿಗಿಂತ ಹೆಚ್ಚಿನ ತಾಪದಲ್ಲಿ ಹಾರಿಸಬಾರದೆಂದು ತಯಾರಕರೇ ಹೇಳುತ್ತಾರೆ. ಆದ್ದರಿಂದ ಮೇ ತಿಂಗಳ ಎಣಿಕೆಗೆ ಬೆಳಗಿನ ಹೊತ್ತೇ ಗತಿ. ಆದರೆ ಆಗ ನೆರಳು ಉದ್ದ. ಸಸಿಗಿಂತ ಅದರ ನೆರಳೇ ದೊಡ್ಡದಾಗಿ ಕಾಣುತ್ತದೆ. ಬಿರುಕಿನ ಒಳಗಿನ ಕಪ್ಪೂ ನೆರಳಿನ ಕಪ್ಪೂ ಒಂದೇ ಬಣ್ಣ. ತೆಳುಮೋಡ ಕವಿದ ಬೆಳಗು ಸಿಕ್ಕಿದರೆ ಅದೇ ಒಳ್ಳೆಯ ದಿನ. ತಿಳಿಬೂದು ಬಣ್ಣದ ಬೂದಿ ನೆಲ ಬಿಸಿಲಿನಲ್ಲಿ ಕಣ್ಣು ಕುಕ್ಕುವಷ್ಟು ಹೊಳೆಯುವುದರಿಂದ ಅಲ್ಲಿ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು ಕೈಯಿಂದಲೇ ಹೊಂದಿಸಿಟ್ಟುಕೊಳ್ಳಬೇಕು.

ಗುಂಡಿಗೊಂದು ಗುರುತು

ಡ್ರೋನ್ ಸಮೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲಿ. ಒಂದು ದಿನ ಹಾರಿಸಿ ಹಸಿರು ಚುಕ್ಕಿಗಳನ್ನು ಎಣಿಸಿದರೆ ಸಿಗುವುದು ಒಂದು ಮೊತ್ತ ಮಾತ್ರ. ಸತ್ತ ಸಸಿಗಳ ಜಾಗದಲ್ಲಿ ಬೇರೆ ನೆಟ್ಟು ಮೊತ್ತವನ್ನು ಸರಿದೂಗಿಸಿದರೆ ಆ ಮೊತ್ತದಿಂದ ಅದು ಗೊತ್ತಾಗುವುದಿಲ್ಲ. ಪ್ರತಿ ಗುಂಡಿಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಮೂರು ವರ್ಷ ಹಿಂಬಾಲಿಸಿದರೆ ಆಗ ಪ್ರತಿ ಸಸಿಯ ಚರಿತ್ರೆ ಸಿಗುತ್ತದೆ: ಮೊದಲ ಮಳೆಗಾಲ ದಾಟಿತು, ಮೊದಲ ಬೇಸಿಗೆಯಲ್ಲಿ ಒಣಗಿತು, ಎರಡನೆಯ ಮಳೆಗಾಲದಲ್ಲಿ ಬದಲಿ ಸಸಿ ಬಂತು, ಅದೂ ಹೋಯಿತು. ಒಂದೇ ತಗ್ಗಿನ ನಲವತ್ತು ಗುಂಡಿಗಳಲ್ಲಿ ಎರಡೆರಡು ಸಲ ಸತ್ತರೆ ಅಲ್ಲಿ ಕೆಡುಕಿರುವುದು ನೆಲದಲ್ಲಿ ಅಥವಾ ನೀರಿನಲ್ಲಿ. ಮೂರನೆಯ ಸಲ ಅಲ್ಲಿಯೇ ನೆಡುವುದು ದುಡ್ಡು ದಂಡ.

ಇದಕ್ಕೆ ಮೊದಲ ಹಾರಾಟ ಸಸಿ ನೆಡುವ ಮುಂಚೆಯೇ ಆಗಬೇಕು. ಮೇ ಕೊನೆ, ಜೂನ್ ಮೊದಲ ವಾರ, ಗುಂಡಿ ತೋಡಿ ಮುಗಿದು ಮಳೆ ಹಿಡಿಯದಿರುವ ಹೊತ್ತು. 45 ಸೆಂಟಿಮೀಟರ್ ಚೌಕದ ಗುಂಡಿ 60 ಮೀಟರ್ ಎತ್ತರದ ಚಿತ್ರದಲ್ಲಿ ಅಡ್ಡಕ್ಕೆ 27 ಚುಕ್ಕಿ. ಒಂದು ಬದಿಗೆ ಅಗೆದು ಹಾಕಿದ ಮಣ್ಣಿನ ಗುಪ್ಪೆ, ಒಳಗೆ ಕಪ್ಪು ನೆರಳು. ಬೋಳು ನೆಲದ ಮೇಲೆ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಗುರುತು ಮುಂದೆ ಎಂದೂ ಸಿಗುವುದಿಲ್ಲ. ಆ ಚಿತ್ರದಿಂದ ಗುಂಡಿಗಳನ್ನು ಎಣಿಸಿ ಸಂಖ್ಯೆ ಹಚ್ಚಿಟ್ಟರೆ, ಮುಂದೆ ಹುಲ್ಲು ಎಷ್ಟೇ ಬೆಳೆದರೂ ಎಲ್ಲಿ ನೋಡಬೇಕೆಂಬುದು ಗೊತ್ತಿರುತ್ತದೆ. ಒಪ್ಪಂದದಲ್ಲಿ ಬರೆದಷ್ಟು ಗುಂಡಿ ತೋಡಿದ್ದಾರೆಯೇ ಎಂಬುದೂ ಆಗಲೇ ತಿಳಿದುಹೋಗುತ್ತದೆ. ಮೂರು ವರ್ಷಕ್ಕೆ ಒಂದೇ ಹಾರಾಟಕ್ಕೆ ಹಣವಿದೆ ಎಂದಾದರೆ ಈ ಲೇಖಕನ ಮಟ್ಟಿಗೆ ಗುಂಡಿಗಳ ಚಿತ್ರವನ್ನೇ ತೆಗೆಯಿಸಬೇಕು. ಉಳಿದದ್ದನ್ನು ಆ ನಕ್ಷೆ ಹಿಡಿದು ಕಾಲ್ನಡಿಗೆಯಲ್ಲಿ ಮಾಡಿಕೊಳ್ಳಬಹುದು.

ಸಂಖ್ಯೆ ಹಚ್ಚುವುದಕ್ಕೆ ಸ್ಥಾನ ನಿಖರವಾಗಿರಬೇಕು. ಮೊಬೈಲ್ ಫೋನಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಹೋಗುತ್ತದೆ. ನಾಲ್ಕು ಮೀಟರ್ ದೋಷವಿದ್ದರೆ ಎರಡು ಮೀಟರ್ ಅಂತರದ ತೋಪಿನಲ್ಲಿ ಸುಮಾರು ಹನ್ನೆರಡು ಗುಂಡಿಗಳಲ್ಲಿ ಯಾವುದೂ ಆಗಿರಬಹುದು. ಸಸಿಯ ಪಕ್ಕ ನಿಂತು ಫೋಟೊ ತೆಗೆದು ಆ್ಯಪ್‌ಗೆ ಏರಿಸುವ ಜಿಯೊಟ್ಯಾಗ್ ಪದ್ಧತಿಯ ಮಿತಿ ಇದೇ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2020ರ ಆಗಸ್ಟ್‌ನಲ್ಲಿ ಹೊರತಂದ ‘ಹರಿತ್ ಪಥ್’ ಆ್ಯಪ್ ಈ ಬಗೆಯದು. ಹೆದ್ದಾರಿಯಲ್ಲಿ ಮರಗಳು ದೂರ ದೂರ ಇರುವುದರಿಂದ ಅಲ್ಲಿ ಸಾಗುತ್ತದೆ. ದಟ್ಟ ತೋಪಿನಲ್ಲಿ ಸಾಗದು. ನೆಲದ ಮೇಲಿನ ಸ್ಥಿರ ನಿಲ್ದಾಣದಿಂದ ತಿದ್ದುಪಡಿ ಪಡೆಯುವ ಡ್ರೋನ್‌ಗೆ ಈ ದೋಷ ಎರಡು ಮೂರು ಸೆಂಟಿಮೀಟರ್‌ಗೆ ಇಳಿಯುತ್ತದೆ. ಸರ್ವೆ ಆಫ್ ಇಂಡಿಯಾ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಇಂಥ ನಿಲ್ದಾಣಗಳ ಜಾಲವನ್ನು ಹಾಕಿದೆ. ಅದಿಲ್ಲದ ಕಡೆ ಸುಣ್ಣ ಬಳಿದ ಅಡ್ಡಗೀಟಿನ ಗುರುತುಗಳನ್ನು ನೆಲದ ಮೇಲಿಟ್ಟು ಅಳೆದುಕೊಳ್ಳಬೇಕು. ಗುರುತು ಮೂರು ವರ್ಷ ಕದಲಬಾರದು, ಅದಕ್ಕೆ ಕಾಂಕ್ರೀಟ್ ಕಂಬವೇ ಆಗಬೇಕು.

ಯಾವ ತಿಂಗಳು ಹಾರಿಸಬೇಕು

ಎಣಿಕೆ ಕೆಡುವುದು ಹೆಚ್ಚಾಗಿ ತಪ್ಪು ತಿಂಗಳಿನಿಂದ. ಸೆಪ್ಟೆಂಬರ್‌ನಲ್ಲಿ ಹುಲ್ಲು ಸಸಿಗಿಂತ ಎತ್ತರ, ಎಲ್ಲವೂ ಹಸಿರು. ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ವಿದರ್ಭದ ಹುಲ್ಲು ಒಣಗಿ ಹಳದಿಯಾಗಿರುತ್ತದೆ, ಸಸಿಯ ಎಲೆ ಇನ್ನೂ ಹಸಿರಾಗಿರುತ್ತದೆ. ವರ್ಷದ ಮುಖ್ಯ ಎಣಿಕೆಗೆ ಈ ಕೆಲವು ವಾರಗಳೇ ಸರಿಯಾದವು. ಮಾರ್ಚ್‌ನಲ್ಲಿ ಹಾರಿಸಿದರೆ ಸಾಗುವಾನಿ ಎಲೆ ಉದುರಿಸಿ ನಿಂತಿರುತ್ತದೆ, ಬದುಕಿದ ಸಸಿಯೂ ಒಣಕಡ್ಡಿಯಂತೆ ಕಂಡು ಸತ್ತವುಗಳ ಪಟ್ಟಿಗೆ ಸೇರುತ್ತದೆ. ಬೇವು, ಹೊಂಗೆಗಳೂ ಬೇಸಿಗೆಯ ಮೊದಲಲ್ಲಿ ಸ್ವಲ್ಪ ಕಾಲ ಎಲೆ ಕಳಚಿ ಚಿಗುರುತ್ತವೆ. ಹಾಗೆಂದು ಬೇಸಿಗೆಯ ಎಣಿಕೆಯನ್ನು ಬಿಡುವಂತಿಲ್ಲ, ಸಸಿ ಸಾಯುವುದೇ ಆಗ. ಎರಡನ್ನೂ ಸೇರಿಸಿ ಓದಬೇಕು: ಮೇ ತಿಂಗಳಲ್ಲಿ ಹಸಿರು ಕಾಣದ ಗುಂಡಿಯನ್ನು ‘ಅನುಮಾನ’ ಎಂದು ಬರೆದುಕೊಂಡು, ಮುಂದಿನ ಡಿಸೆಂಬರ್‌ನಲ್ಲಿ ತೀರ್ಮಾನಿಸಬೇಕು.

ಸಾಗುವಾನಿಯ ವಿಷಯವನ್ನು ಇನ್ನೂ ಹತ್ತಿರದಿಂದ ನೋಡುವುದು ಒಳ್ಳೆಯದು. ಅದನ್ನು ಬಹುತೇಕ ‘ಸ್ಟಂಪ್’ ಆಗಿ ನೆಡುತ್ತಾರೆ. ಬೆರಳುಗಾತ್ರದ ಬೇರಿನ ತುಂಡು, ಅದರ ಮೇಲೆ ಎರಡು ಮೂರು ಸೆಂಟಿಮೀಟರ್ ಕಾಂಡ. ಸಬ್ಬಲಿನಿಂದ ತೂತು ಮಾಡಿ ಇಳಿಸಿ ಮಣ್ಣು ಒತ್ತಿದರೆ ನೆಲದ ಮೇಲೆ ಕಾಣುವುದು ಏನೂ ಇಲ್ಲ. ವಾರಗಳ ನಂತರ ಎರಡು ದೊಡ್ಡ ಎಲೆ ಬಿಡುತ್ತದೆ, ಆಗ ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ. ಬೇಸಿಗೆಯಲ್ಲಿ ಆ ಚಿಗುರು ಪೂರ್ತಿ ಒಣಗಿ, ಮುಂದಿನ ಮಳೆಗೆ ಬುಡದಿಂದ ಮತ್ತೆ ಎದ್ದು ಬರುವುದೂ ಉಂಟು. ಸತ್ತದ್ದು ಎಂದು ಬರೆದ ಗುಂಡಿಯಲ್ಲಿ ಹೀಗೆ ಸಸಿ ಮರಳಿ ಕಂಡರೆ ಅದು ಬದಲಿ ಸಸಿಯೋ ಹಳೆಯ ಬೇರಿನ ಚಿಗುರೋ ಎಂಬುದು ಚಿತ್ರಕ್ಕೆ ತಿಳಿಯದು. ವಾಚರ್ ಬಗ್ಗಿ ಬುಡ ನೋಡಿ ಹೇಳಬೇಕು.

ಬಣ್ಣಗಳಾಚೆಗಿನ ಬೆಳಕು

ಸಾಮಾನ್ಯ ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನು ಹಿಡಿಯುತ್ತದೆ. ಹಸಿರು ಉಳಿದೆರಡಕ್ಕಿಂತ ಎಷ್ಟು ಹೆಚ್ಚಿದೆ ಎಂದು ನೋಡುವ ಸರಳ ಸೂಚಿಯಿಂದಲೇ ಬೂದಿ ನೆಲದ ಮೇಲಿನ ಸಸಿಗಳನ್ನು ಬೇರ್ಪಡಿಸಬಹುದು, ಹಿನ್ನೆಲೆ ಅಷ್ಟು ತಿಳಿಯಾಗಿರುತ್ತದೆ. ಬಹುವರ್ಣಪಟಲದ ಕ್ಯಾಮೆರಾಗಳು ಕಣ್ಣಿಗೆ ಕಾಣದ ಸಮೀಪ ಅತಿಕೆಂಪನ್ನೂ ಹಿಡಿಯುತ್ತವೆ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿ ಸಮೀಪ ಅತಿಕೆಂಪನ್ನು ಹಿಂದಕ್ಕೆ ಚೆಲ್ಲುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ. ಎಲೆ ಬಾಡಿದ್ದು ಕಣ್ಣಿಗೆ ಕಾಣುವ ಮುಂಚೆಯೇ ಈ ಅಂಕಿ ಇಳಿಯುವುದುಂಟು, ಅದೇ ಅದರ ಲಾಭ: ನೀರು ಕೊಡುವವರಿಗೆ ಸ್ವಲ್ಪ ಸಮಯ ಸಿಗುತ್ತದೆ. ಆದರೆ ಸ್ಥಾವರದ ಹತ್ತಿರ ಎಲೆಯ ಮೇಲೆ ಬೂದಿ ಕೂತಿರುತ್ತದೆ. ಬೂದಿ ಮುಚ್ಚಿದ ಆರೋಗ್ಯವಂತ ಎಲೆಯೂ ಬಾಡಿದ ಎಲೆಯಂತೆ ಅಂಕಿ ಕೊಡುತ್ತದೆ. ಮಳೆ ಬಿದ್ದು ಎಲೆ ತೊಳೆದ ಮಾರನೆಯ ದಿನದ ಚಿತ್ರವನ್ನೂ ಎರಡು ತಿಂಗಳ ಒಣಹವೆಯ ನಂತರದ ಚಿತ್ರವನ್ನೂ ಹೋಲಿಸಿ ‘ಆರೋಗ್ಯ ಕುಸಿದಿದೆ’ ಎಂದು ಬರೆದರೆ ತಪ್ಪಾಗುತ್ತದೆ.

ಎತ್ತರ ಅಳೆಯುವುದರಲ್ಲಿಯೂ ಇಂಥ ಮಿತಿ ಇದೆ. ಚಿತ್ರಗಳಿಂದ ಕಟ್ಟಿದ ಮೂರು ಆಯಾಮದ ಮಾದರಿಯಲ್ಲಿ ತೆಳ್ಳಗಿನ ಕುಡಿ ಮೂಡುವುದೇ ಇಲ್ಲ, ಸಸಿ ಇರುವುದಕ್ಕಿಂತ ಗಿಡ್ಡವಾಗಿ ತೋರುತ್ತದೆ. ಲೇಸರ್ ಕಿರಣ ಬಿಟ್ಟು ಅಳೆಯುವ ಲೈಡಾರ್ ಇದಕ್ಕಿಂತ ವಾಸಿ, ಬೆಲೆಯೂ ಹೆಚ್ಚು.

ಯಂತ್ರದ ಎಣಿಕೆ, ಅದರ ತಪ್ಪು

ಐವತ್ತು ಸಾವಿರ ಗುಂಡಿಗಳನ್ನು ಪರದೆಯ ಮೇಲೆ ಕಣ್ಣಿನಿಂದ ನೋಡುವುದು ಆಗದ ಕೆಲಸ. ಕಲಿತು ಗುರುತಿಸುವ ತಂತ್ರಾಂಶಗಳು ಇಲ್ಲಿ ಬರುತ್ತವೆ. ಮರದ ತಲೆಗಳನ್ನು ಗುರುತಿಸಲು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಡೀಪ್‌ಫಾರೆಸ್ಟ್’ ಉಚಿತವಾಗಿ ಸಿಗುತ್ತದೆ. ಆದರೆ ಅದು ಕಲಿತದ್ದು ಅಮೆರಿಕದ ಬೆಳೆದ ಮರಗಳ ಮೇಲೆ. ಎಳೆಸಸಿಗಳ ಮೇಲೆಯೇ ನಡೆದ ಆರಂಭದ ಒಳ್ಳೆಯ ಕೆಲಸಗಳಲ್ಲಿ ಕೆನಡಾದ ಅಲ್ಬರ್ಟಾ ಪ್ರಾಂತದ್ದು ಒಂದು. ತೈಲ ಹುಡುಕಾಟಕ್ಕಾಗಿ ಕಾಡಿನಲ್ಲಿ ಸೀಳಿದ ದಾರಿಗಳಲ್ಲಿ ಶಂಕುಧಾರಿ ಸಸಿಗಳು ಮರಳಿ ಬಂದಿವೆಯೇ ಎಂದು 2018 ಮತ್ತು 2019ರಲ್ಲಿ ಪ್ರಕಟವಾದ ಅಧ್ಯಯನಗಳು ಡ್ರೋನ್ ಚಿತ್ರಗಳಿಂದ ನೋಡಿದವು. ಅಗಲ ಎಲೆಯ ಗಿಡಗಳು ಬೋಳಾದ ಕಾಲದಲ್ಲಿಯೂ ಹಸಿರಾಗಿರುವ ಶಂಕುಧಾರಿಗಳನ್ನು ಗುರುತಿಸುವ ಅನುಕೂಲ ಅಲ್ಲಿತ್ತು. ನಮ್ಮ ಎಲೆ ಉದುರಿಸುವ ಕಾಡಿನ ಜಾತಿಗಳಿಗೆ ಆ ಅನುಕೂಲವಿಲ್ಲ. ಇಲ್ಲಿನ ಯಂತ್ರಕ್ಕೆ ಇಲ್ಲಿನ ಸಸಿಗಳನ್ನೇ ತೋರಿಸಿ ಕಲಿಸಬೇಕು: ಎರೆಮಣ್ಣಿನ ಮೇಲಿನ ಬೇವು, ಬೂದಿಯ ಮೇಲಿನ ಹೊಂಗೆ, ಮೇಕೆ ತಿಂದು ಬಿಟ್ಟ ಅರಳಿ.

ತಪ್ಪು ಎರಡು ಕಡೆಯಿಂದ ಬರುತ್ತದೆ. ಬದುಕಿದ ಸಸಿಯನ್ನು ಯಂತ್ರ ಬಿಟ್ಟುಬಿಡಬಹುದು. ಗುಂಡಿಯ ಸಡಿಲ ಮಣ್ಣಿನಲ್ಲಿ ಹುಟ್ಟಿದ ಪಾರ್ಥೇನಿಯಂ, ಲಂಟಾನ, ಜಾಲಿಯನ್ನು ಸಸಿ ಎಂದು ಎಣಿಸಬಹುದು. ಲೆಕ್ಕದ ಸಲುವಾಗಿ ಒಂದು ಉದಾಹರಣೆ: ಸಾವಿರ ಗುಂಡಿ, ನಿಜವಾಗಿ ಬದುಕಿದ್ದು 700. ಯಂತ್ರ 650 ಎಂದು ಹೇಳಿತು, ಅವುಗಳಲ್ಲಿ 600 ಸಸಿ, 50 ಕಳೆ. ಕಂಡುಹಿಡಿದದ್ದರಲ್ಲಿ ಸರಿಯಾದದ್ದು ಶೇ. 92. ಇದ್ದದ್ದರಲ್ಲಿ ಕಂಡುಹಿಡಿದದ್ದು ಶೇ. 86. ವರದಿಯಲ್ಲಿ ಮೊದಲನೆಯ ಅಂಕಿ ಮಾತ್ರ ಹಾಕಿ ‘ನಿಖರತೆ ಶೇ. 92’ ಎಂದು ಬರೆದುಬಿಡುವುದು ಸುಲಭ. ಎರಡೂ ಅಂಕಿ ಇದ್ದರೆ ತಿದ್ದಬಹುದು: 650ನ್ನು 0.923ರಿಂದ ಗುಣಿಸಿ 0.857ರಿಂದ ಭಾಗಿಸಿದರೆ 700 ಸಿಗುತ್ತದೆ. ಈ ಎರಡು ಅಂಕಿ ಬರುವುದು ನೆಲದ ಮೇಲೆ ನಡೆದು, ಯಾದೃಚ್ಛಿಕವಾಗಿ ಆರಿಸಿದ ತುಂಡುಗಳಲ್ಲಿ ಪ್ರತಿ ಗುಂಡಿಯನ್ನೂ ನೋಡಿದಾಗ. ಹಾಗೆ ನೋಡುವ ತುಂಡುಗಳನ್ನು ಆರಿಸುವವರು ನೆಡುವ ಗುತ್ತಿಗೆದಾರರೂ ಆಗಿರಬಾರದು, ಡ್ರೋನ್ ಹಾರಿಸುವ ಕಂಪನಿಯೂ ಆಗಿರಬಾರದು. ನಡೆದು ನೋಡದ ಡ್ರೋನ್ ವರದಿಯನ್ನು ಉಳಿವಿನ ಪುರಾವೆ ಎಂದು ಒಪ್ಪಿಕೊಳ್ಳುವುದು ಸರಿಯಲ್ಲ.

ಸಾವಿನ ಕಾರಣವನ್ನೂ ಮೇಲಿನಿಂದ ಹೇಳಲಾಗದು. ದನ ತುಳಿದದ್ದು, ಗೆದ್ದಲು ಹಿಡಿದದ್ದು, ಪಾಲಿಥಿನ್ ಚೀಲ ಹರಿಯದೆ ಚೀಲ ಸಮೇತ ನೆಟ್ಟದ್ದು, ಇವೆಲ್ಲ ಚಿತ್ರದಲ್ಲಿ ಒಂದೇ ಬರಿಗುಂಡಿ. ಸಾವುಗಳು ಎಲ್ಲಿ ಗುಂಪಾಗಿವೆ ಎಂಬುದು ಮಾತ್ರ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಕಾರಣ ಹುಡುಕುವವರು ಎಲ್ಲಿಗೆ ಹೋಗಬೇಕೆಂದು ಅದು ತೋರಿಸುತ್ತದೆ.

ಕಾನೂನು

2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ತೂಕದ ಮೇಲೆ ವರ್ಗ ಮಾಡಿವೆ: 250 ಗ್ರಾಂ ವರೆಗೆ ನ್ಯಾನೊ, 2 ಕಿಲೊ ವರೆಗೆ ಮೈಕ್ರೊ, 25 ಕಿಲೊ ವರೆಗೆ ಸಣ್ಣದು. ತೋಪಿನ ಸಮೀಕ್ಷೆಗೆ ಬರುವವು ಬಹುತೇಕ ಮೈಕ್ರೊ ಮತ್ತು ಸಣ್ಣ ವರ್ಗದವು. ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ವಾಯುಪ್ರದೇಶ ನಕ್ಷೆಯ ಹಸಿರು ವಲಯದಲ್ಲಿ 400 ಅಡಿ ವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ಒಳಗೆ ಅದು 200 ಅಡಿ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕೋರಾಡಿಯ ಬಳಿಯಲ್ಲಿಯೇ ಕಾಮ್ಠಿ ದಂಡುಪ್ರದೇಶವಿದೆ, ಸ್ಥಾವರವೂ ಭದ್ರತೆಯ ಜಾಗ. ಹಾಗಾಗಿ ಪ್ರತಿ ಹಾರಾಟಕ್ಕೂ ಆ ದಿನದ ನಕ್ಷೆ ನೋಡಿಕೊಳ್ಳುವುದೂ ಸ್ಥಾವರದ ಒಪ್ಪಿಗೆ ಪಡೆಯುವುದೂ ಕಡ್ಡಾಯವೆಂದೇ ತಿಳಿಯಬೇಕು. ಸಿದ್ಧ ಡ್ರೋನ್‌ಗಳ ಆಮದಿಗೆ 2022ರ ಫೆಬ್ರವರಿಯಲ್ಲಿ ಕೇಂದ್ರ ನಿಷೇಧ ಹಾಕಿತು. ಬಿಡಿಭಾಗಗಳಿಗೆ ಅದು ಅನ್ವಯಿಸುವುದಿಲ್ಲ.

ನಾಗಪುರದಲ್ಲಿಯೇ ಕೇಂದ್ರ ಕಚೇರಿ ಇರುವ ಭಾರತೀಯ ಗಣಿ ಬ್ಯೂರೊಗೆ ಸಂಬಂಧಿಸಿದ ಒಂದು ನಿಯಮ ಈ ವಿಷಯದಲ್ಲಿ ಮುಖ್ಯ. ಆ ನಿಯಮಕ್ಕೆ 2021ರ ನವೆಂಬರ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆಯ, ಇಲ್ಲವೆ 50 ಹೆಕ್ಟೇರ್ ಅಥವಾ ಹೆಚ್ಚಿನ ಗುತ್ತಿಗೆಯ ಗಣಿಗಳು ಪ್ರತಿ ವರ್ಷ ಗುತ್ತಿಗೆ ಪ್ರದೇಶದ ಮತ್ತು ಅದರ ಎಲ್ಲೆಯಿಂದ ನೂರು ಮೀಟರ್ ಆಚೆಗಿನ ವರೆಗಿನ ಡ್ರೋನ್ ಚಿತ್ರಗಳನ್ನು ಸಲ್ಲಿಸಬೇಕು. ಅದು ಗಣಿಗಾರಿಕೆಯ ಮೇಲೆ ನಿಗಾ ಇಡಲು ಬಂದ ನಿಯಮ. ತ್ಯಾಜ್ಯದಿಬ್ಬದ ಮೇಲೆ ನೆಟ್ಟ ಸಸಿಗಳೂ ಆ ಚಿತ್ರಗಳಲ್ಲಿಯೇ ಇರುತ್ತವೆ, ಓದುವವರು ಬೇಕು.

ಕರ್ನಾಟಕದಲ್ಲಿ

ಗಣಿಗಳ ಡ್ರೋನ್ ಚಿತ್ರದ ಆ ನಿಯಮ ಬಳ್ಳಾರಿ–ಸಂಡೂರಿನ ಕಬ್ಬಿಣದ ಗಣಿಗಳಿಗೂ ಅನ್ವಯ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ನಂತರ, ಗಣಿ ಗಣಿಗೂ ಪುನಶ್ಚೇತನ ಯೋಜನೆ ಮಾಡಿದ ಮೇಲಷ್ಟೇ ಮರುಆರಂಭಕ್ಕೆ ದಾರಿಯಾಯಿತು. ದಿಬ್ಬಗಳ ಮೇಲೆ ಗಿಡ ಬೆಳೆಸುವುದು ಆ ಯೋಜನೆಗಳ ಭಾಗ. ಕೋರಾಡಿಯ ಬೂದಿ ನೆಲದಲ್ಲಿ ಕಲಿತ ಪಾಠ ಹೆಚ್ಚು ಹೊಂದುವುದು ರಾಯಚೂರಿನ ಶಕ್ತಿನಗರಕ್ಕೆ, ಬಳ್ಳಾರಿಯ ಕುಡತಿನಿಗೆ. ಅಲ್ಲಿಯೂ ಕಲ್ಲಿದ್ದಲು ಸ್ಥಾವರ, ಬೂದಿ ಹೊಂಡ, ಎರೆಮಣ್ಣು, ಉರಿಬಿಸಿಲು. ಮಳೆ ನಾಗಪುರಕ್ಕಿಂತ ಕಡಿಮೆ, ಆದ್ದರಿಂದ ಹುಲ್ಲಿನ ಕಾಟವೂ ಕಡಿಮೆ, ಎಣಿಕೆಯ ಅವಧಿ ಒಂದಿಷ್ಟು ಉದ್ದ.

2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಗೌರಿಬಿದನೂರು ಸುತ್ತಲಿನ ಬೋಳುಗುಡ್ಡಗಳಲ್ಲಿ ಡ್ರೋನ್‌ನಿಂದ ಬೀಜ ಬಿತ್ತುವ ಪ್ರಯೋಗ ಆರಂಭಿಸಿದರು. ಅದೇ ಜಾಗದ ಚಿತ್ರವನ್ನು ಕೆಲವು ತಿಂಗಳಿಗೊಮ್ಮೆ ತೆಗೆದು ಮೊಳಕೆ ಎಷ್ಟು ಬಂತೆಂದು ನೋಡುವ ಯೋಚನೆಯೂ ಅದರಲ್ಲಿತ್ತು. ಬೀಜ ಎಲ್ಲೆಂದರಲ್ಲಿ ಬೀಳುವುದರಿಂದ ಅಲ್ಲಿ ಗುಂಡಿಯ ಗುರುತಿಲ್ಲ, ಎಣಿಕೆ ಇನ್ನೂ ಕಷ್ಟ. ರಾಜ್ಯದಲ್ಲಿ ಈ ತಂತ್ರಕ್ಕೆ ಹೆಚ್ಚು ಒದಗುವ ಜಾಗ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯದು. ಅಲ್ಲಿ ಉಳಿದ ಸಸಿಗೆ ರೈತನ ಹಣ ನಿಂತಿದೆ, ಅಧಿಕಾರಿ ಹೊಲ ಹೊಲಕ್ಕೂ ಹೋಗಿ ಎಣಿಸುವ ತನಕ ಹಣ ಬರುವುದಿಲ್ಲ. ಹೊಲದ ಬದುವಿನಲ್ಲಿ ಸಾಲಾಗಿ ನಿಂತ ಸಾಗುವಾನಿ, ಹೆಬ್ಬೇವುಗಳನ್ನು ಎಣಿಸುವುದು ದಟ್ಟ ತೋಪಿಗಿಂತ ಸುಲಭ. ಆದರೆ ಯಂತ್ರ ಬಿಟ್ಟ ಒಂದೊಂದು ಸಸಿಯೂ ರೈತನ ಜೇಬಿಗೆ ನಷ್ಟ. ತನ್ನ ಹೊಲದ ಚಿತ್ರವನ್ನು ನೋಡಿ ಆಕ್ಷೇಪಿಸುವ ಅವಕಾಶ ಅವನಿಗೆ ಇರಲೇಬೇಕು.

ಎಣಿಕೆಯ ಕೊನೆ

ಎರಡು ಮೀಟರ್ ಅಂತರದ ತೋಪು ಬೆಳೆದಂತೆ, ನಾಲ್ಕೈದು ವರ್ಷದ ಹೊತ್ತಿಗೆ, ತಲೆಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಮೇಲಿನಿಂದ ಬಿಡಿಬಿಡಿ ಸಸಿ ಕಾಣುವುದಿಲ್ಲ, ಗುಂಡಿಯ ಸಂಖ್ಯೆಗೂ ಹೆಚ್ಚಿನ ಅರ್ಥ ಉಳಿಯುವುದಿಲ್ಲ. ಅಳೆಯಬೇಕಾದದ್ದು ಹಂದರ ನೆಲವನ್ನು ಎಷ್ಟು ಮುಚ್ಚಿದೆ ಎಂಬುದು. ಕೇಂದ್ರ ಸರ್ಕಾರ ಗ್ರೀನ್ ಕ್ರೆಡಿಟ್ ಯೋಜನೆಯ ವಿಧಾನವನ್ನು 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದಾಗ ಐದು ವರ್ಷದ ಪುನಶ್ಚೇತನ ಮತ್ತು ಕನಿಷ್ಠ ಶೇ. 40 ಹಂದರ ಸಾಂದ್ರತೆಯನ್ನು ಷರತ್ತಾಗಿ ಇಟ್ಟದ್ದು ಈ ಹಂತಕ್ಕೆ ಹೊಂದುವ ಅಳತೆ. ಸೆಂಟಿನೆಲ್‌ನ ಹತ್ತು ಮೀಟರ್ ಚುಕ್ಕಿಯೂ ಆಗ ಪ್ರಯೋಜನಕ್ಕೆ ಬರುತ್ತದೆ, ಏಕೆಂದರೆ ಒಣ ತಿಂಗಳುಗಳಲ್ಲಿ ಅದರೊಳಗಿನ ಹಸಿರು ಹುಲ್ಲಿನದಾಗಿರದೆ ಮರದ್ದಾಗಿರುತ್ತದೆ. ಡ್ರೋನ್ ಹಾರಾಟವನ್ನು ಅಲ್ಲಿಗೆ ನಿಲ್ಲಿಸಿ, ಹಂದರದಲ್ಲಿ ತೂತು ಬಿದ್ದ ಜಾಗಗಳಿಗೆ ಮಾತ್ರ ಮತ್ತೆ ಕರೆಸಿದರೆ ಸಾಕು.